ಒಂದೇ ಪದ ಉಳಿಯುವವರೆಗೆ

ಪುಟವಿನ್ಯಾಸದ ತಂತ್ರಾಂಶದಲ್ಲಿ ಕನ್ನಡ ಕೆಟ್ಟಾಗ ನಮ್ಮಲ್ಲಿ ಹೆಚ್ಚಿನವರು ಬರೆದು ಕಳಿಸುವುದು ಒಂದೇ ಸಾಲು: ‘ಒತ್ತಕ್ಷರ ಸರಿ ಬರುತ್ತಿಲ್ಲ, ಸರಿಪಡಿಸಿ.’ ಅದನ್ನು ಓದುವ ಪ್ರೋಗ್ರಾಮರ್‌ಗೆ ಬಹುಮಟ್ಟಿಗೆ ಕನ್ನಡ ಬಾರದು. ಚಿತ್ರ ಕಳಿಸಿದರೂ ಯಾವುದು ಸರಿ, ಯಾವುದು ತಪ್ಪು ಎಂದು ಅವರಿಗೆ ತಿಳಿಯುವುದು ಹೇಗೆ?

ಮುಂಬಯಿಯ ಪ್ರಭಾದೇವಿಯಲ್ಲಿ ನಾನು ಡಿಟಿಪಿ ಮಾಡುವ ಕಡೆ ಕನ್ನಡ, ಮರಾಠಿ ಎರಡೂ ಪುಸ್ತಕಗಳು ಸಿದ್ಧವಾಗುತ್ತವೆ. ಇಲ್ಲಿನ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಯ ಕರಡು ತಿದ್ದುತ್ತಿದ್ದ ಮಾಸ್ತರರು ಪ್ರತಿಭಾ ಪುರಸ್ಕಾರದ ಪುಟದ ಮೇಲೆ ಬೆರಳಿಟ್ಟರು. ‘ಪ್ರಥಮ ರ‍್ಯಾಂಕ್’ ಎಂದಿರಬೇಕಾದಲ್ಲೆಲ್ಲ ರಕಾರವು ಅರ್ಕಾವತ್ತಾಗಿ ‘ಯಾ’ದ ಬಲಕ್ಕೆ ಹೋಗಿ ಕುಳಿತಿತ್ತು: ‘ರ್ಯಾಂಕ್’.

‘ಕಾರ್ಯ, ಸೂರ್ಯದಲ್ಲಿ ಇದು ಸರಿ. ಮಕ್ಕಳ ಹೆಸರಿನ ಪಕ್ಕದಲ್ಲಿ ಹೀಗೆ ಅಚ್ಚಾಗಬಾರದು’ ಎಂದರು.

‘ಟೈಪ್ ಮಾಡಿದ್ದು ಸರಿಯಿದೆ ಮಾಸ್ತರೇ, ನಡುವೆ ಎಲ್ಲೋ ಕೆಡುತ್ತಿದೆ’ ಎಂದೆ.

ಕೈಯಿಂದ ತಿದ್ದಿ ಅಚ್ಚಿಗೆ ಕಳಿಸಿದೆವು. ಸಾಮಾನ್ಯವಾಗಿ ವಿಷಯ ಅಲ್ಲಿಗೇ ಮುಗಿಯುತ್ತದೆ, ಅದಕ್ಕೇ ಅದೇ ದೋಷ ಮುಂದಿನ ಸಂಚಿಕೆಯಲ್ಲೂ ಕಾಡುತ್ತದೆ. ನಾನು ಕಡತದ ಪ್ರತಿ ಮಾಡಿಕೊಂಡು ಕಳೆಯುತ್ತ ಹೋದೆ. ಚಿತ್ರಗಳನ್ನು ತೆಗೆದೆ, ಪುಟಗಳನ್ನು ಅಳಿಸಿದೆ. ದೋಷ ಹೋಗಲಿಲ್ಲ. ಅಕ್ಷರಶೈಲಿಯನ್ನು ನೋಟೋಗೆ ಬದಲಿಸಿದೆ, ಆಗಲೂ ಹೋಗಲಿಲ್ಲ. ಕೊನೆಗೆ ಆ ಒಂದು ಪದವಷ್ಟೇ ಉಳಿಯಿತು. ಅದರ ಕೆಳಗೆ ಅದೇ ಪದವನ್ನು ನೇರವಾಗಿ ಟೈಪ್ ಮಾಡಿದೆ: ಅಚ್ಚುಕಟ್ಟಾಗಿ ಮೂಡಿತು! ಅಂದರೆ ಅಕ್ಷರ ಜೋಡಣೆಯಲ್ಲಿ ದೋಷವಿಲ್ಲ, ವರ್ಡ್ ಕಡತದಿಂದ ಪಠ್ಯ ತರುವ ಹಂತದಲ್ಲಿದೆ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ರ‍್ಯ’ ಎಂದರೆ ರ, ಕಣ್ಣಿಗೆ ಕಾಣದ ಜೋಡಣೆ ಸಂಕೇತವಾದ ಜಾಯಿನರ್, ಅಕಾರ ತೆಗೆಯುವ ಹಲಂತ, ಯ. ಆ ಜಾಯಿನರ್‌ನ ಸಂಖ್ಯೆ 200ಡಿ. ಅದು ಬಿದ್ದುಹೋದರೆ ಉಳಿದ ಮೂರು ಸೇರಿ ನಿಯಮದಂತೆಯೇ ಅರ್ಕಾವತ್ತಾಗುತ್ತವೆ. ಪಕ್ಕದ ಮೇಜಿನ ಮರಾಠಿ ಸಹೋದ್ಯೋಗಿಯ ಕಡತದಿಂದ ಇದು ಖಚಿತವಾಯಿತು. ಮರಾಠಿಯ ‘ದುಸರ‍್ಯಾ’ದಲ್ಲಿ ಬರುವ ಬಾಗಿದ ರಕಾರವನ್ನು ಎರಡು ಬಗೆಯಲ್ಲಿ ಬರೆಯಬಹುದು. ಜಾಯಿನರ್ ಬಳಸಿ ಬರೆದದ್ದು ಮಾತ್ರ ಕೆಟ್ಟಿತ್ತು.

ತಂತ್ರಾಂಶದವರಿಗೆ ಕಳಿಸಿದ ದೋಷದ ವರದಿಯಲ್ಲಿ ತಂತ್ರಾಂಶದ ಆವೃತ್ತಿ, ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ, ಅಕ್ಷರಶೈಲಿ, ಮಾಡಿದ ಕ್ರಮ, ನಾಲ್ಕೂ ಸಂಕೇತಗಳ ಸಂಖ್ಯೆ ಬರೆದೆ. ಸರಿಯಾದ ರೂಪ, ಕೆಟ್ಟ ರೂಪ ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಕೆಟ್ಟ ಜಾಗಕ್ಕೆ ವೃತ್ತ ಹಾಕಿದೆ. ಜೊತೆಗೆ ಒಂದೇ ಪದವಿರುವ ವರ್ಡ್ ಕಡತ. ಇಡೀ ಸಂಚಿಕೆಯನ್ನು ಎಂದೂ ಕಳಿಸಬೇಡಿ. ಅದರಲ್ಲಿ ಸದಸ್ಯರ ದೂರವಾಣಿ ಸಂಖ್ಯೆಗಳಿರುತ್ತವೆ, ಅವನ್ನು ಹಂಚುವ ಹಕ್ಕು ನಮಗಿಲ್ಲ. ಸಾಲಿನ ಅಂತರದ ಬಗ್ಗೆಯೂ ನನಗೊಂದು ದೂರಿತ್ತು. ಅದಕ್ಕೆ ಬೇರೆ ವರದಿ ಬರೆದೆ.

ಪ್ರೋಗ್ರಾಮರ್ ಒಂದೇ ಪ್ರಶ್ನೆ ಕೇಳಿದರು: ಅಕ್ಷರಗಳು ಕೂಡದಂತೆ ತಡೆಯುವ 200ಸಿ ಉಳಿಯುತ್ತಿದೆಯೇ? ‘ಬ್ಯಾಂಕ್‌ನಲ್ಲಿ’ ಎಂಬ ಪದ ಸರಿಯಾಗಿಯೇ ಬಂದಿತ್ತು, ಅದರ ಚಿತ್ರ ಕಳಿಸಿದೆ. ಪಠ್ಯವನ್ನು ಶುದ್ಧಗೊಳಿಸುವಾಗ ತೆಗೆದುಹಾಕುವ ಸಂಕೇತಗಳ ಪಟ್ಟಿಯಲ್ಲಿ 200ಡಿ ಸೇರಿಕೊಂಡಿದ್ದು ಸಿಕ್ಕಿತು ಎಂದು ಉತ್ತರ ಬಂತು. ಸರಿಪಡಿಸಿದ ಆವೃತ್ತಿ ಕೈಸೇರುವವರೆಗೆ ನಾವು ವರ್ಡ್ ಕಡತವನ್ನು ಸರಳ ಪಠ್ಯವಾಗಿಸಿಯೇ ಪುಟಕ್ಕೆ ತರುತ್ತಿದ್ದೇವೆ.