ಎರಡೆರಡು ಸಲ ಕಡಿಯುವ ಇಲಿ

ಮೌಸ್ ವಿಷಯದಲ್ಲಿ ನಮ್ಮ ಟೀಮಿಗೆಲ್ಲ ನಾನೇ ಪಂಡಿತ. ತಿಂಗಳಲ್ಲಿ ಹದಿನೈದು ದಿನ ಕ್ಲೈಂಟ್ ಸೈಟಿನಲ್ಲೇ ಬಿದ್ದಿರುವವನಿಗೆ ಟಚ್‌ಪ್ಯಾಡಿನಲ್ಲಿ ಎಕ್ಸೆಲ್ ಎಳೆಯೋದು ಆಗದ ಮಾತು. ಹಾಗಾಗಿ ಬ್ಯಾಗಿನಲ್ಲಿ ಯಾವಾಗಲೂ ಒಂದು ಪುಟ್ಟ ವೈರ್‌ಲೆಸ್ ಮೌಸ್ ಇರುತ್ತೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಒಂದು ಎಎ ಸೆಲ್, ಉಗುರಿನಷ್ಟು ರಿಸೀವರ್. ಗಾಜಿನ ಟೇಬಲ್ ಮೇಲೆ ಅದು ಓಡೋದಿಲ್ಲ, ಕೆಳಗೊಂದು ಡೈರಿ ಇಟ್ಕೊಳ್ಳಿ ಅಂತ ಹುಡುಗರಿಗೆ ಹೇಳಿಕೊಟ್ಟವನು ನಾನು. ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇದ್ದರೆ ಕರ್ಸರ್ ಕುಂಟುತ್ತೆ, ಅದರ ಗದ್ದಲ ರಿಸೀವರಿನ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತೆ, ರಿಸೀವರನ್ನು ಆಚೆ ಬದಿಗೆ ಹಾಕು ಅಂತ ಫೋನಿನಲ್ಲೇ ಪರಿಹಾರ ಕೊಟ್ಟವನೂ ನಾನೇ.

ಈ ಪಾಂಡಿತ್ಯ ಹುಬ್ಬಳ್ಳಿಯಲ್ಲಿ ಇಳಿಯಿತು.

ಒಂದು ಹೋಲ್‌ಸೇಲ್ ಗೋಡೌನಿನಲ್ಲಿ ಗೋ-ಲೈವ್, ಅಂದರೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅಲ್ಲಿ ಮೊದಲ ಸಲ ನಿಜವಾದ ಕೆಲಸಕ್ಕೆ ಇಳಿಯುವ ದಿನ. ತಿಂಗಳ ಕೊನೆಯ ದಿನ. ತಿಂಗಳ ಕೊನೆಗೆ ಗೋ-ಲೈವ್ ಇಡಬೇಡಿ ಅಂತ ನಾನು ಮೂರು ಮೇಲ್ ಹಾಕಿದ್ದೆ, ಅದು ಬೇರೆ ಕಥೆ. ಡಿಸ್ಪ್ಯಾಚ್ ಕಂಪ್ಯೂಟರ್ ಬೆಳಗ್ಗೆಯಿಂದ ಅಪ್‌ಡೇಟ್ ಅಂತ ನೀಲಿ ಸ್ಕ್ರೀನ್ ತೋರಿಸುತ್ತ ಕೂತಿತ್ತು. ಹೊರಗೆ ಲಾರಿ ಲೋಡ್ ಆಗಿ ನಿಂತಿತ್ತು. ಸರಿ, ಮೊದಲ ಬಿಲ್ ನನ್ನ ಲ್ಯಾಪ್‌ಟಾಪಿನಲ್ಲೇ ಮಾಡೋಣ ಅಂದೆ. ನಮ್ಮ ಸಾಫ್ಟ್‌ವೇರಿನಲ್ಲಿ ಪೋಸ್ಟ್ ಒತ್ತಿದರೆ ಇನ್‌ವಾಯ್ಸ್ ನಂಬರ್ ಬೀಳುತ್ತೆ, ಅದರ ಬೆನ್ನಿಗೇ ಇ-ವೇ ಬಿಲ್, ಅಂದರೆ ಸರಕಿನ ಜೊತೆ ಲಾರಿಯಲ್ಲಿ ಹೋಗಬೇಕಾದ ಜಿಎಸ್‌ಟಿ ಚೀಟಿ ಕೂಡ ಬರುತ್ತೆ.

ಪೋಸ್ಟ್ ಒತ್ತಿದೆ. ಪ್ರಿಂಟರ್ ಶುರುವಾಯಿತು. ನಿಲ್ಲಲಿಲ್ಲ.

ಅಕೌಂಟೆಂಟ್ ರಾಯರು ಕನ್ನಡಕ ಹಣೆಗೇರಿಸಿ ಎರಡು ಹಾಳೆ ಪಕ್ಕಪಕ್ಕ ಹಿಡಿದರು. "ಒಂದ ಲೋಡಿಗೆ ಎರಡ ಬಿಲ್ ಯಾಕ್ರೀ?" ಒಂದೇ ಪಾರ್ಟಿ, ಒಂದೇ ಸರಕು, ಒಂದೇ ಮೊತ್ತ. ನಂಬರ್ ಮಾತ್ರ ಬೇರೆ. ಇ-ವೇ ಬಿಲ್ ಕೂಡ ಎರಡು.

ಗಾಬರಿ ಏನಿಲ್ಲ, 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಬಹುದು ಅಂತ ದೊಡ್ಡದಾಗಿ ಹೇಳಿ, ಕಾರಣದ ಜಾಗದಲ್ಲಿ ಡೂಪ್ಲಿಕೇಟ್ ಅಂತ ಆರಿಸಿ, ಎರಡನೇ ನಂಬರನ್ನು ತೆಗೆದುಹಾಕಿದೆ. ಆಗಲೇ ಹೊರಗಡೆ ಲಾರಿ ಸ್ಟಾರ್ಟ್ ಆದ ಸದ್ದು. ರಾಯರ ಕೈಯಲ್ಲಿದ್ದ ಹಾಳೆ ನೋಡಿದೆ. ಅಲ್ಲಿ ಉಳಿದಿದ್ದು ಮೊದಲನೇ ನಂಬರಿನದು. ಅಂದರೆ ನಾನು ರದ್ದು ಮಾಡಿದ ಬಿಲ್ಲೇ ಡ್ರೈವರ್ ಜೇಬಿನಲ್ಲಿ ಹೊರಟಿತ್ತು! ಯಾರು ಯಾವಾಗ ಕೊಟ್ಟರೋ ಗೊತ್ತಿಲ್ಲ. ಹಾಳೆ ಕಿತ್ತುಕೊಂಡು ಓಡಿದೆ. ಮೂಟೆಗಳ ನಡುವೆ, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿಟ್ಟು, ಗೇಟಿನ ಹತ್ತಿರ ಲಾರಿ ಹಿಂದೆ "ಏ, ನಿಲ್ಸಪ್ಪಾ" ಅಂತ ಕೂಗುತ್ತ. ಹಮಾಲರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಒಬ್ಬ ಶಿಳ್ಳೆ ಹಾಕಿದ. ಆ ಶಿಳ್ಳೆಗೇ ಲಾರಿ ನಿಂತಿದ್ದು, ನನ್ನ ಕೂಗಿಗಲ್ಲ.

ವಾಪಸ್ ಬಂದವನು ಉಸಿರು ಸುಧಾರಿಸಿಕೊಳ್ಳುವ ಮೊದಲೇ ಸೆವ್-ಒನ್ ಟಿಕೆಟ್, ಅಂದರೆ ಎಲ್ಲಕ್ಕಿಂತ ತುರ್ತಿನ ದೂರು ಹಾಕಿದೆ. 'ಪೋಸ್ಟ್ ಬಟನ್ ಎರಡು ಸಲ ಪೋಸ್ಟ್ ಮಾಡುತ್ತಿದೆ. ಟೆಸ್ಟ್ ಮಾಡದೆ ರಿಲೀಸ್ ಮಾಡಿದ್ದೀರಿ.' ಇಬ್ಬರು ಮ್ಯಾನೇಜರುಗಳಿಗೆ ಸಿಸಿ. ಆ ಎರಡನೇ ವಾಕ್ಯ ಬೇಕಿರಲಿಲ್ಲ. ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತೆ.

ಬೆಂಗಳೂರಿನಿಂದ ಡೆವಲಪರ್ ಹುಡುಗ ಫೋನ್ ಮಾಡಿದ. "ಸರ್, ನನ್ನ ಹತ್ರ ರೀಪ್ರೊಡ್ಯೂಸ್ ಆಗ್ತಿಲ್ಲ, ಇಲ್ಲಿ ಒತ್ತಿದ್ರೆ ಒಂದೇ ಬಿಲ್ ಬರ್ತಿದೆ." ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿ. "ಹಾಗಾದ್ರೆ ನಿನ್ನ ಲ್ಯಾಪ್‌ಟಾಪನ್ನೇ ಪಾರ್ಸೆಲ್ ಮಾಡಪ್ಪ, ಕ್ಲೈಂಟಿಗೆ ಕೊಡ್ತೀನಿ" ಅಂದೆ. ಪಾಪ, ಅವನು ಸಿಟ್ಟಾಗಲಿಲ್ಲ. ಒಂದು ತಾಸು ಬಿಟ್ಟು ಲಾಗ್, ಅಂದರೆ ಸಾಫ್ಟ್‌ವೇರಿಗೆ ಯಾವಾಗ ಏನು ಬಂತು ಅನ್ನೋ ದಾಖಲೆ ಕಳಿಸಿದ. ಎರಡು ರಿಕ್ವೆಸ್ಟ್ ಬಂದಿವೆ, ನಡುವೆ ಬರೀ 80 ಮಿಲಿಸೆಕೆಂಡ್. "ಸರ್, ನೀವು ಎರಡು ಸಲ ಒತ್ತಿರಬಹುದಾ?" ಇಪ್ಪತ್ತು ಗೋ-ಲೈವ್ ಮಾಡಿದವನಿಗೆ ಬಟನ್ ಒತ್ತೋಕೆ ಬರಲ್ವಾ? ನೆಟ್‌ವರ್ಕ್ ರೀಟ್ರೈ ಇರಬೇಕು, ತಾನಾಗೇ ಇನ್ನೊಂದು ಸಲ ಕಳಿಸಿರುತ್ತೆ, ನೋಡು ಅಂದೆ. ಆ ಹುಡುಗ ರಾತ್ರಿಯೆಲ್ಲ ಕೂತು ನೆಟ್‌ವರ್ಕ್ ನೋಡಿದ.

ಮರುದಿನ ಡಿಸ್ಪ್ಯಾಚ್ ಕಂಪ್ಯೂಟರ್ ಎದ್ದು ಕೂತಿತ್ತು. ಅಲ್ಲಿ ಆಪರೇಟರ್ ಹುಡುಗಿ ಹದಿನೆಂಟು ಬಿಲ್ ಮಾಡಿದಳು. ಒಂದೂ ಡಬಲ್ ಆಗಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು, ಅಲ್ವಾ? ರಾತ್ರಿ ಡೆವಲಪರ್ ಸುಮ್ನೆ ಏನೋ ಸರಿಮಾಡಿ ಹೇಳದೆ ಕೂತಿದ್ದಾನೆ ಅಂತಲೇ ನಂಬಿದೆ.

ಮಧ್ಯಾಹ್ನ ಅವಳು ಒಂದು ರಿಪೋರ್ಟ್ ನೋಡಬೇಕು ಅಂತ ನನ್ನ ಲ್ಯಾಪ್‌ಟಾಪ್ ಮುಂದೆ ಕೂತಳು. ಒಂದು ಫೋಲ್ಡರ್ ಮೇಲೆ ಒಮ್ಮೆ ಕ್ಲಿಕ್ ಮಾಡಿದಳು. ತೆರೆದುಕೊಂಡಿತು. ಹಿಂದೆ ಹೋಗಿ ಇನ್ನೊಂದರ ಮೇಲೆ ಒಮ್ಮೆ. ಅದೂ ತೆರೆದುಕೊಂಡಿತು. ಮೌಸನ್ನು ಎತ್ತಿ ಹೊಟ್ಟೆ ನೋಡಿ ನಕ್ಕಳು.

"ಸರ, ನಿಮ್ಮ ಇಲಿ ಒಮ್ಮೆ ಒತ್ತಿದ್ರ ಎರಡ ಸಲ ಕಡಿಯಾಕತ್ತೈತಿ ನೋಡ್ರಿ."

ರಾಯರು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ಒಂದು ತಿಂಗಳಿಂದ ಬ್ರೌಸರಿನಲ್ಲಿ ಒಂದು ಟ್ಯಾಬ್ ಮುಚ್ಚಿದರೆ ಎರಡು ಮುಚ್ಚುತ್ತಿದ್ದವು. ಎಕ್ಸೆಲ್‌ನಲ್ಲಿ ಎಳೆಯುತ್ತಿದ್ದ ಸೆಲೆಕ್ಷನ್ ಅರ್ಧದಲ್ಲೇ ಬಿಟ್ಟುಹೋಗುತ್ತಿತ್ತು. ನಾನು ವಿಂಡೋಸ್ ಅಪ್‌ಡೇಟಿಗೆ ಬೈದುಕೊಂಡು ಇದ್ದೆ. ಎಡ ಬಟನ್ ಕೆಳಗೆ ಒಂದು ಪುಟ್ಟ ಸ್ವಿಚ್ ಇರುತ್ತೆ, ಅದರೊಳಗೆ ತೆಳ್ಳನೆ ಲೋಹದ ಪಟ್ಟಿ. ಅದು ಸವೆದರೆ ಒಂದೇ ಒತ್ತಿಗೆ ಕುಣಿದು ಎರಡು ಸಲ ತಾಗುತ್ತೆ. ವಿಂಡೋಸ್‌ಗೆ ಅರ್ಧ ಸೆಕೆಂಡಿನೊಳಗೆ ಎರಡು ತಾಗಿದರೆ ಡಬಲ್ ಕ್ಲಿಕ್ ಅಂತಲೇ ಲೆಕ್ಕ. ಸೆಲ್ ಬದಲಾಯಿಸಿದರೂ ಹೋಗಲ್ಲ, ರಿಸೀವರ್ ಬೇರೆ ಪೋರ್ಟಿಗೆ ಹಾಕಿದರೂ ಹೋಗಲ್ಲ. ನನ್ನ ಪಾಂಡಿತ್ಯದಲ್ಲಿ ಈ ಅಧ್ಯಾಯ ಇರಲಿಲ್ಲ.

ಸಿಸಿ ಹಾಕಿದವರಿಗೆಲ್ಲ ಸಿಸಿ ಇಟ್ಟೇ ತಪ್ಪೊಪ್ಪಿಗೆ ಬರೆದೆ. ಡೆವಲಪರ್ ಟಿಕೆಟ್ ಮುಚ್ಚಲಿಲ್ಲ. "ಒಮ್ಮೆ ಒತ್ತಿದ ಮೇಲೆ ಬಟನ್ ಮಂಕಾಗಬೇಕಿತ್ತು ಸರ್, ಅದು ನಮ್ಮದೇ ತಪ್ಪು" ಅಂತ ಅದೇ ಟಿಕೆಟಿನಲ್ಲಿ ಸರಿಮಾಡಿ ರಿಲೀಸ್ ಮಾಡಿದ. ಅವನ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಟಿಕೆಟ್ ಮುಚ್ಚಿ, ಆಮೇಲೆ ಒಂದು ವಾರ ಆಡಿಕೊಳ್ಳುತ್ತಿದ್ದೆ.

ಹೊಸ ಮೌಸಿಗೆ ಕ್ಲೇಮ್ ಹಾಕಿದೆ. ಎಂಟುನೂರು ರೂಪಾಯಿ. 'ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಇದೆಯಲ್ಲ, ಸಮರ್ಥನೆ ಲಗತ್ತಿಸಿ' ಅಂತ ವಾಪಸ್ ಬಂತು. ಏನು ಲಗತ್ತಿಸಲಿ, ಚಪ್ಪಲಿಯನ್ನಾ?

ಹಳೇ ಮೌಸನ್ನು ಬಿಸಾಡೋಕೆ ಹೊರಟಾಗ ಟೆಸ್ಟಿಂಗ್ ಟೀಮಿನವರು ಕೇಳಿ ಇಸ್ಕೊಂಡರು. ಈಗ ಅದಕ್ಕೆ ಕೆಂಪು ಟೇಪ್ ಸುತ್ತಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಪ್ರತಿ ರಿಲೀಸಿಗೆ ಮುಂಚೆ ಸೇವ್ ಬಟನ್‌ಗಳನ್ನೆಲ್ಲ ಅದರಲ್ಲೇ ಒಂದು ಸುತ್ತು ಒತ್ತುತ್ತಾರೆ. ಇದುವರೆಗೆ ಇನ್ನೂ ಮೂರು ಸ್ಕ್ರೀನ್ ಸಿಕ್ಕಿಬಿದ್ದಿವೆ.