ಟೈರ್ ಜಾಗ ಬದಲಾಯಿತು, ಕಾರಿಗೆ ಗೊತ್ತೇ ಆಗಲಿಲ್ಲ

9 ಮಾರ್ಚ್ 2025, ಭಾನುವಾರ

ಬೆಳಿಗ್ಗೆಯೇ ಜಾಕ್ ಹೊರಗೆ ತೆಗೆದೆ. ಹಿಂದಿನ ಸಲ ಟೈರ್‌ಗಳ ಜಾಗ ಬದಲಿಸಿದ ಮೇಲೆ ಕಾರು 10,000 ಕಿ.ಮೀ. ಓಡಿದೆ. ಮುಂದಿನ ಎರಡರ ಅಂಚು ಕಣ್ಣಿಗೆ ಕಾಣುವಷ್ಟು ಸವೆದಿತ್ತು. ಮುಂದಿನ ಚಕ್ರ ಎಳೆಯುವ ಕಾರು ಅಲ್ವಾ, ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಭಾರ, ಎಲ್ಲಾ ಅವುಗಳ ತಲೆ ಮೇಲೇ.

ಮಗಳು ಚಾಕ್‌ಪೀಸ್ ಹಿಡಿದು ಪ್ರತಿ ಟೈರಿನ ಮೇಲೂ ಅದರ ಹಳೇ ಜಾಗ ಬರೆದಳು. ಮುಂದಿನವು ನೇರವಾಗಿ ಹಿಂದಕ್ಕೆ ಹೋದವು, ಹಿಂದಿನವು ಎಡ ಬಲ ಅದಲುಬದಲಾಗಿ ಮುಂದಕ್ಕೆ ಬಂದವು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದಿದ್ದರೆ ಹೀಗೆ ಅಡ್ಡ ಹಾಕುವಂತಿರಲಿಲ್ಲ. ನಮ್ಮದರಲ್ಲಿ ಇಲ್ಲ.

ಮುಗಿಸಿ ಕೀ ತಿರುಗಿಸಿದೆ. ಪರದೆಯಲ್ಲಿ ಟೈರಿನ ಗಾಳಿಯ ಒತ್ತಡ ಮುಂದೆ 35, ಹಿಂದೆ 32 ಪಿಎಸ್‌ಐ. ನಮ್ಮ ಕಾರಿಗೆ ಬೇಕಾದದ್ದೂ ಅಷ್ಟೇ. ಖುಷಿಯಾಗಿ ಕೈ ತೊಳೆಯಲು ಹೊರಟೆ.

"ಅಪ್ಪಾ, ಟೈರ್ ಅದಲುಬದಲು ಆಯ್ತು, ನಂಬರ್ ಯಾಕೆ ಆಗಲಿಲ್ಲ?"

ಗಾಳಿ ಅಳೆಯುವ ಗೇಜ್ ಇಟ್ಟು ನೋಡಿದರೆ ಮುಂದೆ 32, ಹಿಂದೆ 35! ಪರದೆ ತೋರಿಸಿದ್ದಕ್ಕೆ ಪೂರ್ತಿ ಉಲ್ಟಾ.

ರಿಮ್ಮಿನ ಒಳಗೆ, ವಾಲ್ವ್ ಬುಡದಲ್ಲಿ ಕೂತ ಸೆನ್ಸರ್ ತನ್ನ ಗುರುತಿನ ಸಂಖ್ಯೆ ಮತ್ತು ಗಾಳಿಯ ಒತ್ತಡವನ್ನು ರೇಡಿಯೋದಲ್ಲಿ ಕಳಿಸುತ್ತದೆ, ಅಷ್ಟೇ. ತಾನು ಯಾವ ಮೂಲೆಯಲ್ಲಿದ್ದೇನೆ ಎಂದು ಅದಕ್ಕೆ ಗೊತ್ತಿಲ್ಲ. ಯಾವ ಸಂಖ್ಯೆ ಯಾವ ಮೂಲೆಯದು ಎಂಬ ಪಟ್ಟಿ ಇರುವುದು ಕಾರಿನ ಹತ್ತಿರ, ಅದಿನ್ನೂ ಹಳೆಯದು. ಈಗ ಹಿಂದಿನ ಎಡ ಟೈರಿಗೆ ಮೊಳೆ ಚುಚ್ಚಿದರೆ ಪರದೆ ಮುಂದಿನ ಎಡ ಟೈರನ್ನು ತೋರಿಸುತ್ತದೆ. ನಾನು ಸರಿ ಇರುವ ಟೈರಿಗೇ ಗಾಳಿ ತುಂಬುತ್ತಾ ಕೂರುತ್ತಿದ್ದೆ!

ಹೊಸ ಜಾಗಕ್ಕೆ ತಕ್ಕಂತೆ ಮುಂದೆ ಗಾಳಿ ಹಾಕಿದೆ, ಹಿಂದೆ ಸ್ವಲ್ಪ ಬಿಟ್ಟೆ. ಟೈರ್ ಸರಿಯಾಯಿತು, ಪರದೆ ತಪ್ಪಾಯಿತು. ಆಗ ಕೈಪಿಡಿ ತೆಗೆದೆ. ಕೆಲವು ಕಾರುಗಳು ಸ್ವಲ್ಪ ದೂರ ಓಡಿದರೆ ಸೆನ್ಸರ್‌ಗಳ ಹೊಸ ಜಾಗ ತಾವೇ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಬೇರೆ ಉಪಕರಣವೇ ಬೇಕು. ಟೈರಿನೊಳಗೆ ಸೆನ್ಸರ್ ಇಲ್ಲದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಮೂಲಕ ಚಕ್ರದ ವೇಗ ನೋಡಿ ಊಹಿಸುವ ಕಾರುಗಳೂ ಇವೆ. ಗಾಳಿ ಕಡಿಮೆಯಾದ ಟೈರ್ ತುಸು ಜಾಸ್ತಿ ಸುತ್ತುತ್ತದೆ ಎಂಬುದೇ ಅವಕ್ಕೆ ಸುಳಿವು. ಅವುಗಳಲ್ಲಿ ರೀಸೆಟ್ ಮಾಡಬೇಕು.

ನಮ್ಮದು ಹಳೇ ಕಾಲದ್ದು. ಕಲಿಸುವ ಮೋಡ್ ಹಾಕಿ, ಮುಂದಿನ ಎಡದಿಂದ ಶುರು ಮಾಡಿ, ಕಾರಿನ ಸುತ್ತ ಒಂದೊಂದೇ ಟೈರಿನ ಗಾಳಿ ಬಿಡಬೇಕು. ಗುರುತು ಸಿಕ್ಕ ಕೂಡಲೇ ಹಾರ್ನ್ ಕೂಗುತ್ತದೆ. ಮೊದಲ ಸಲ ಕೂಗಿದಾಗ ಗೇಜ್ ಕೈ ಜಾರಿತು, ಮಗಳು ನಕ್ಕಿದ್ದೇ ನಕ್ಕಿದ್ದು. ಆಮೇಲೆ ನಾಲ್ಕಕ್ಕೂ ಮತ್ತೆ ಗಾಳಿ. ಕೈಪಿಡಿ ಮೊದಲೇ ಓದಿದ್ದರೆ ಗಾಳಿ ಒಂದೇ ಸಲ ತುಂಬಿದರೆ ಸಾಕಿತ್ತು.

100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಾಕಿ ಇನ್ನೊಮ್ಮೆ ನೋಡಬೇಕು. ಅವು ಸಡಿಲವಾದರೆ ಹೇಳುವ ಸೆನ್ಸರ್ ನಮ್ಮ ಕಾರಿನಲ್ಲಿಲ್ಲ.