ಛಪ್ರಾದ ಮಾತು, ಪೆರುಂಬಾವೂರಿನ ಮಾತು

12 ಅಕ್ಟೋಬರ್ 2025, ಭಾನುವಾರ
ಪೆರುಂಬಾವೂರು

ಭಾನುವಾರ ಕೇರಳದ ಈ ಊರಿನ ಪೇಟೆಯಲ್ಲಿ ಮಲಯಾಳಂಗಿಂತ ಬೇರೆ ಭಾಷೆಗಳೇ ಜಾಸ್ತಿ ಕೇಳಿಸುತ್ತವೆ. ಪ್ಲೈವುಡ್ ಫ್ಯಾಕ್ಟರಿಗಳಿಗೆ ರಜೆ. ಅಸ್ಸಾಂ, ಬಂಗಾಳ, ಒಡಿಶಾ, ಬಿಹಾರದ ಹುಡುಗರೆಲ್ಲ ಸಾಮಾನು ಕೊಳ್ಳಲು ಬರುತ್ತಾರೆ. ನಾನು ಲೆಕ್ಕ ಬರೆಯುವ ಫ್ಯಾಕ್ಟರಿಯಲ್ಲಿ ಬಿಹಾರದ ಛಪ್ರಾ ಕಡೆಯ ಒಬ್ಬ ಹುಡುಗ ಇದ್ದಾನೆ. ಇವತ್ತು ಮಧ್ಯಾಹ್ನ ಅವನನ್ನು ಕೂರಿಸಿಕೊಂಡು ಅವನ ಭೋಜ್‌ಪುರಿಯನ್ನೂ ಇಲ್ಲಿನ ಮಲಯಾಳಂ ಅನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನ ಬಹಳ ದಿನದ ಆಸೆ ಅದು.

ಮಲಯಾಳಂ ನಮ್ಮ ಕನ್ನಡದ ಹಾಗೆ ದ್ರಾವಿಡ ಕುಟುಂಬದ್ದು. ಭೋಜ್‌ಪುರಿ ಇಂಡೋ-ಆರ್ಯನ್. ಪುಸ್ತಕದ ಲೆಕ್ಕದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಕ್ರಿಯಾಪದದ ಬಾಲ ಹಿಡಿದು ಹೋದರೆ ಕಥೆಯೇ ಬೇರೆ.

ಮಲಯಾಳಂನಲ್ಲಿ ಞಾನ್ ವನ್ನು (ನಾನು ಬಂದೆ), ನೀ ವನ್ನು, ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಯಾರು ಬಂದರೂ 'ವನ್ನು' ಅಷ್ಟೇ. ನಮ್ಮಲ್ಲಿ ಬಂದೆ, ಬಂದ, ಬಂದಳು, ಬಂದರು ಅಂತ ಬೇರೆ ಬೇರೆ ಇದೆಯಲ್ಲ, ಅದೆಲ್ಲ ಅಲ್ಲಿ ಕಳಚಿಹೋಗಿದೆ. ಹಳೆಯ ಕಾವ್ಯದಲ್ಲಿ 'ವನ್ನಾನ್', 'ವನ್ನಾಳ್' ಅಂತ ಸಿಗುತ್ತದೆ, ಆಡುಮಾತಿನಲ್ಲಿ ಇಲ್ಲ. ಹಾಗಾದರೆ ಮರ್ಯಾದೆ ತೋರಿಸುವುದು ಹೇಗೆ? ಕರೆಯುವ ಮಾತಿನಲ್ಲಿ. 'ಚೇಟ್ಟನ್ ಎಪ್ಪೋಳ್ ವನ್ನು?' (ಅಣ್ಣ ಯಾವಾಗ ಬಂದದ್ದು?) ಅಂದರೆ ಸಾಕು. 'ನೀನು', 'ನೀವು' ಯಾವುದೂ ಬೇಡ. ಎದುರಿಗಿರುವವರನ್ನೇ ಚೇಟ್ಟನ್ (ಅಣ್ಣ), ಚೇಚಿ (ಅಕ್ಕ), ಸಾರ್ ಅಂದುಬಿಟ್ಟರೆ ಮುಗಿಯಿತು.

ಭೋಜ್‌ಪುರಿಯಲ್ಲಿ ಮರ್ಯಾದೆ ಕ್ರಿಯಾಪದಕ್ಕೇ ಅಂಟಿಕೊಂಡಿದೆ. ಯಾವಾಗ ಬಂದೆ ಅಂತ ಕೇಳಲು ಚಿಕ್ಕವನಿಗೆ 'ತೆಂ ಕಬ್ ಅಇಲೆ?', ಓರಗೆಯವನಿಗೆ 'ತೂ ಕಬ್ ಅಇಲ?', ದೊಡ್ಡವರಿಗೆ 'ರಉಆ ಕಬ್ ಅಇನಿ?'. 'ಅಇಲ'ದ ಕೊನೆಯ ಅಕಾರವನ್ನು ನುಂಗಬಾರದು, ಸ್ವಲ್ಪ ಎಳೆಯಬೇಕು. ಹುಡುಗ ನನಗೆ ಮೂರನ್ನೂ ನಿಧಾನವಾಗಿ ಹೇಳಿಸಿದ. ಒಂದೊಂದಕ್ಕೂ ಅವನ ಮುಖವೇ ಬದಲಾಗುತ್ತಿತ್ತು. ಮೊದಲನೆಯದಕ್ಕೆ ತಮ್ಮನನ್ನು ಗದರಿದ ಹಾಗೆ, ಮೂರನೆಯದಕ್ಕೆ ಬೆನ್ನು ನೆಟ್ಟಗೆ. ಬಂದೆಯಾ, ಬಂದಿರಾ ಅಂತ ಹೇಳಿ ಬೆಳೆದ ನಮಗೆ ಇದು ಎಷ್ಟು ಪರಿಚಿತ, ಅಲ್ವಾ?

ನನಗೆ ಇನ್ನೂ ಹಿಡಿಸಿದ್ದು ತಿನ್ನುವ ಮಾತು. ನಾನು ರೊಟ್ಟಿ ತಿಂದೆ ಅನ್ನಲು ಹಿಂದಿಯಲ್ಲಿ 'ಮೈಂನೆ ರೋಟಿ ಖಾಯಿ', ಆದರೆ 'ಮೈಂನೆ ಆಮ್ ಖಾಯಾ'. ರೊಟ್ಟಿ ಸ್ತ್ರೀಲಿಂಗ, ಮಾವು ಪುಲ್ಲಿಂಗ ಅಂತ ನೆನಪಿಟ್ಟುಕೊಂಡು ಕ್ರಿಯಾಪದ ತಿರುಗಿಸಬೇಕು. ಶಾಲೆಯಲ್ಲಿ ಹಿಂದಿ ಕಲಿತ ಪ್ರತಿಯೊಬ್ಬ ಕನ್ನಡಿಗನಿಗೂ ಈ ಸಂಕಟ ಗೊತ್ತು. ಭೋಜ್‌ಪುರಿಯಲ್ಲಿ 'ಹಮ್ ರೋಟಿ ಖಇನಿ', 'ಹಮ್ ಆಮ್ ಖಇನಿ' ('ಹಮ್' ಅಂದರೆ ಇಲ್ಲಿ ನಾನು). 'ನೆ' ಇಲ್ಲ, ರೊಟ್ಟಿಯ ಲಿಂಗ ಕೇಳುವವರಿಲ್ಲ. ತಿಂದವರು ಯಾರು ಅನ್ನುವುದಷ್ಟೇ ಮುಖ್ಯ. ಅವನು ತಿಂದ ಅನ್ನಲು 'ಉ ಖಇಲಸ್'. ಮೈಥಿಲಿ, ಮಗಹಿ, ಬಂಗಾಳಿಗಳೂ ಇದೇ ದಾರಿಯವು. ಬ್ರಿಟಿಷ್ ಕಾಲದ ಭಾಷಾತಜ್ಞ ಗ್ರಿಯರ್ಸನ್ ತನ್ನ ಭಾಷಾ ಸಮೀಕ್ಷೆಯಲ್ಲಿ ಭೋಜ್‌ಪುರಿ, ಮೈಥಿಲಿ, ಮಗಹಿ ಮೂರನ್ನೂ 'ಬಿಹಾರಿ' ಅಂತ ಹಿಂದಿಯಿಂದ ಬೇರೆಯಾಗಿಯೇ ಇಟ್ಟಿದ್ದ.

ಉಚ್ಚಾರಣೆಯಲ್ಲಿ ಕಷ್ಟ ಎರಡೂ ಕಡೆಗೆ ಇದೆ. ಹುಡುಗನಿಗೆ 'ಮೞ' (ಮಳೆ), 'ಪೞಂ' (ಹಣ್ಣು) ಬಾಯಿಗೆ ಹತ್ತುವುದೇ ಇಲ್ಲ. ನಾವು ಹಳಗನ್ನಡದಲ್ಲೇ ಬಿಟ್ಟುಬಂದ ೞಕಾರ ಇಲ್ಲಿ ದಿನಬಳಕೆಯಲ್ಲಿದೆ. ಇಲ್ಲಿನವರಿಗೆ ಭಾತ್, ಧಾನ್, ಘರ್‌ಗಳ ಮಹಾಪ್ರಾಣ ಕಷ್ಟ. ಎಣಿಕೆಯೂ ಬೇರೆ. ಪ್ಲೈವುಡ್‌ಗೆ ಬಳಸುವ ತೆಳು ಮರದ ವಿನಿಯರ್ ಹಾಳೆ ಎಣಿಸುವಾಗ ಅವನು 'ಏಕ್ ಗೋ, ದೂ ಗೋ, ತೀನ್ ಗೋ' ಅನ್ನುತ್ತಾನೆ. ಎಣಿಕೆಗೆ ಅಂಟುವ ಆ 'ಗೋ' ಇಲ್ಲದೆ ಅವನ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ಪಕ್ಕದಲ್ಲಿ ಸೂಪರ್‌ವೈಸರ್ ಚೇಟ್ಟನ್ 'ಒನ್ನ್, ರಂಡ್, ಮೂನ್ನ್' ಅಂತ ಸುಮ್ನೆ ಓಡಿಸುತ್ತಾರೆ.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. 2011ರ ಜನಗಣತಿಯಲ್ಲಿ ಭೋಜ್‌ಪುರಿ ಅಂತ ಬರೆಸಿದವರು 5 ಕೋಟಿ 5 ಲಕ್ಷ. ಮಲಯಾಳಂ 3 ಕೋಟಿ 48 ಲಕ್ಷ. ನಮ್ಮ ಕನ್ನಡವೂ 4 ಕೋಟಿ 37 ಲಕ್ಷ. ಆದರೂ ಗಣತಿಯ ಪಟ್ಟಿಯಲ್ಲಿ ಭೋಜ್‌ಪುರಿ ಹಿಂದಿಯ ಕೆಳಗೆ ಒಂದು ಸಾಲು. ಮಲಯಾಳಂಗೆ ರಾಜ್ಯವಿದೆ, ಶಾಲೆಯಿದೆ, ಪತ್ರಿಕೆಗಳಿವೆ, 2013ರಿಂದ ಶಾಸ್ತ್ರೀಯ ಭಾಷೆಯ ಸ್ಥಾನವೂ ಇದೆ. ಮೈಥಿಲಿಗೆ 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯಲ್ಲಿ ಜಾಗ ಸಿಕ್ಕಿತು. ಭೋಜ್‌ಪುರಿಗೆ ಇಲ್ಲ. ಅದನ್ನು ಬರೆಯುತ್ತಿದ್ದ ಕೈಥಿ ಲಿಪಿ ಒಂದು ಕಾಲಕ್ಕೆ ಬಿಹಾರದ ಕೋರ್ಟುಗಳಲ್ಲಿ ನಡೆಯುತ್ತಿತ್ತು. ಈಗ ಹಳೆಯ ಜಮೀನು ಪತ್ರ ಓದಿಸಲು ಆ ಲಿಪಿ ಬಲ್ಲವರನ್ನು ಹುಡುಕಬೇಕು. ಮಾರಿಷಸ್‌ಗೆ ಕೂಲಿಗಳಾಗಿ ಹೋದವರ ಭೋಜ್‌ಪುರಿ ಹಾಡು 'ಗೀತ್ ಗವಾಯಿ' 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಇಲ್ಲಿ ಮಾತ್ರ ಆ ಭಾಷೆಯನ್ನು ಹಿಂದಿಯ ಹಳ್ಳಿ ರೂಪ ಅಂದುಬಿಡುತ್ತಾರೆ. ಕ್ರಿಯಾಪದವನ್ನು ಇಷ್ಟು ಬೇರೆಯಾಗಿ ನಡೆಸುವ ಭಾಷೆಯನ್ನು ಹಾಗೆ ಅನ್ನುವುದು ಅನ್ಯಾಯ.

ವಲಸೆ ಬಂದವರಿಗೆ ಮಲಯಾಳಂ ಕಲಿಸಲು ಕೇರಳದ ಸಾಕ್ಷರತಾ ಮಿಷನ್ 2017ರಲ್ಲಿ 'ಚಙ್ಙಾತಿ' (ಗೆಳೆಯ) ಯೋಜನೆ ಶುರುಮಾಡಿದ್ದು ಇದೇ ಪೆರುಂಬಾವೂರಿನಲ್ಲಿ. ಒಳ್ಳೆಯ ಕೆಲಸ. ಅದರ ಪುಸ್ತಕದ ಹೆಸರು ಮಾತ್ರ ಹಿಂದಿಯಲ್ಲಿ, 'ಹಮಾರಿ ಮಲಯಾಳಂ'. ಛಪ್ರಾದ ಹುಡುಗ ಇಲ್ಲೂ ಹಿಂದಿಯ ಬಾಗಿಲಿನಿಂದಲೇ ಒಳಗೆ ಬರಬೇಕು.

2027ಕ್ಕೆ ಮತ್ತೆ ಜನಗಣತಿ. ಮಾತೃಭಾಷೆ ಯಾವುದು ಅಂತ ಕೇಳಿದರೆ ಭೋಜ್‌ಪುರಿ ಅಂತಲೇ ಬರೆಸಪ್ಪ ಅಂದೆ. ಹೋದ ಸಲ ಅವರ ಮನೆಯಲ್ಲಿ ಏನು ಬರೆಸಿದರೋ ಅವನಿಗೆ ಗೊತ್ತಿಲ್ಲ, ಆಗ ಚಿಕ್ಕವನು. ಅಮ್ಮನಿಗಂತೂ ಹಿಂದಿ ಮಾತಾಡಲು ಬರುವುದಿಲ್ಲವಂತೆ. ಬಿಹಾರದವರ ಸೂರ್ಯಪೂಜೆಯ ಛಠ್ ಹಬ್ಬಕ್ಕೆ ಮುಂದಿನ ವಾರ ರೈಲು ಹತ್ತುತ್ತಾನೆ. ಊರಿಗೆ ಹೋಗಿ ಮನೆಯವರಿಗೂ ಹೇಳ್ತೀನಿ ಅಂದ.